ನಂಬರ್ ಫೋರ್ ಎಣ್ಣೆಗೆ 2027 ಗಡುವು, ಹಾಗಂತ ಬರ್ನರ್ ಬದಲಾಯಿಸಿ ಗ್ಯಾಸ್ ಹಾಕ್ಸಿಬಿಟ್ರೆ ಮುಗೀತಾ?

ನ್ಯೂಯಾರ್ಕ್ ಸಿಟೀಲಿ ಮನೆ ಬೆಚ್ಚಗಿಡೋ ಬಾಯ್ಲರ್‌ನಲ್ಲಿ ನಂಬರ್ 4 ಹೀಟಿಂಗ್ ಆಯಿಲ್ ಸುಡೋ ಬಿಲ್ಡಿಂಗ್‌ಗಳಿಗೆ 2027ರ ಜುಲೈ 1 ಕೊನೇ ಗಡುವು. ಕ್ವೀನ್ಸ್‌ನಲ್ಲಿರೋ ನಮ್ಮ ಕೋ-ಆಪ್ (ಅಂದ್ರೆ ವಾಸ ಮಾಡೋರೇ ಶೇರ್ ತಗೊಂಡು ನಡೆಸೋ) ಬಿಲ್ಡಿಂಗೂ ಆ ಪಟ್ಟೀಲಿದೆ, ನನಗೆ ಬೋರ್ಡ್‌ನಲ್ಲೊಂದು ಕುರ್ಚಿ ಕೊಟ್ಟಿರೋದ್ರಿಂದ ಈಗ ಮನೇಲಿ ಊಟಕ್ಕೆ ಕೂತ್ರೂ ಬಾಯ್ಲರ್ ಮಾತೇ. ಶೇರ್‌ಹೋಲ್ಡರ್ಸ್ ಮೀಟಿಂಗ್‌ನಲ್ಲಿ ಹತ್ತರಲ್ಲಿ ಎಂಟು ಜನ ಹೇಳೋದು ಒಂದೇ, ಬಾಯ್ಲರ್‌ಗೆ ಉರಿ ಕೊಡೋ ಎಣ್ಣೆ ಬರ್ನರ್ ಬಿಚ್ಚಿ ಗ್ಯಾಸ್ ಬರ್ನರ್ ಹಾಕ್ಸಿ, ಮುಗೀತಲ್ಲ, ಇದಕ್ಯಾಕೆ ಇಷ್ಟೊಂದು ಮೀಟಿಂಗು ಅಂತ. ಗ್ಯಾಸ್ ಬೇಡ ಅಂತ ನಾನೂ ಹೇಳ್ತಿಲ್ಲ. ಆದ್ರೆ ಈ ಕೆಲಸದಲ್ಲಿ ಬರ್ನರ್ ಅನ್ನೋದು ಇದ್ದಿದ್ರಲ್ಲಿ ಚಿಕ್ಕ ಖರ್ಚು, ದುಡ್ಡು ಹೋಗೋದು ಬೇರೆ ಕಡೆ, ಉಳಿಯೋದೂ ಬೇರೆ ಕಡೆ. ಅದನ್ನೇ ಒಂದ್ಸಲ ಕೂತು ಬರೆದುಬಿಡೋಣ ಅಂತ.

ಮೊದಲು ಈ ನಂಬರ್‌ಗಳ ವಿಷಯ. ನಂಬರ್ 2 ಅಂದ್ರೆ ಹೆಚ್ಚೂಕಮ್ಮಿ ಡೀಸೆಲ್. ನಂಬರ್ 6 ಅಂದ್ರೆ ರಿಫೈನರೀಲಿ ಪೆಟ್ರೋಲು ಡೀಸೆಲು ಎಲ್ಲಾ ತೆಗೆದಾದ ಮೇಲೆ ತಳದಲ್ಲಿ ಉಳಿಯೋ ಮಾಲು, ತಣ್ಣಗಿದ್ರೆ ಜೋನಿ ಬೆಲ್ಲದ ಹಾಗೆ, ಪಂಪೂ ಎಳೆಯಲ್ಲ, ಹಾಗಾಗಿ ಟ್ಯಾಂಕಲ್ಲೇ ಬಿಸಿ ಮಾಡ್ಬೇಕು, ಬರ್ನರ್ ಹತ್ತಿರ ಇನ್ನೊಂದ್ಸಲ ಬಿಸಿ ಮಾಡ್ಬೇಕು, ಆಗ ಮಾತ್ರ ಸಣ್ಣ ಹನಿಯಾಗಿ ಸಿಡಿದು ಉರಿಯುತ್ತೆ. ನಂಬರ್ 4 ಅನ್ನೋದು ಇವೆರಡರ ಮಿಕ್ಸ್. ಇಷ್ಟೆಲ್ಲಾ ಒದ್ದಾಟ ಯಾಕೆ ಅಂದ್ರೆ ಅಗ್ಗ, ಜೊತೆಗೆ ಒಂದು ಗ್ಯಾಲನ್‌ನಲ್ಲಿ ಶಾಖ ಜಾಸ್ತಿ, ನಂಬರ್ 6ರಲ್ಲಿ ಸುಮಾರು 1,50,000 ಬಿಟಿಯು (ಶಾಖ ಅಳೆಯೋ ಯೂನಿಟ್ಟು), ನಂಬರ್ 2ರಲ್ಲಿ ಸುಮಾರು 1,38,500. ಇಲ್ಲಿನ ಎರಡನೇ ಮಹಾಯುದ್ಧಕ್ಕೂ ಮುಂಚಿನ ಬಿಲ್ಡಿಂಗ್‌ಗಳು ಶುರುವಾಗಿದ್ದು ಕಲ್ಲಿದ್ದಲಲ್ಲಿ, ಆಮೇಲೆ ಅದೇ ಬಾಯ್ಲರ್ ರೂಮಿಗೆ ಎಣ್ಣೆ ಬಂತು, ಕಲ್ಲಿದ್ದಲು ಸುರೀತಿದ್ದ ಜಾಗದಲ್ಲಿ ಟ್ಯಾಂಕ್ ಕೂತಿದ್ದೂ ಉಂಟು. ಆ ಎಣ್ಣೆ ಜೊತೆ ಗಂಧಕ, ನಿಕಲ್, ವೆನೇಡಿಯಂ ಎಲ್ಲಾ ಬಂದು ಚಿಮಣಿಯಿಂದ ಆಕಾಶಕ್ಕೆ ಹೋಗ್ತಿತ್ತು.

2009ರಲ್ಲಿ ಎನ್ವಿರಾನ್ಮೆಂಟಲ್ ಡಿಫೆನ್ಸ್ ಫಂಡ್‌ನವರು ಒಂದು ವರದಿ ತಂದ್ರು. ಊರಿನ ಬಿಲ್ಡಿಂಗ್‌ಗಳಲ್ಲಿ ಬರೀ ಶೇಕಡಾ 1ರಷ್ಟು, ಅಂದ್ರೆ ಸುಮಾರು 10,000, ಈ ದಪ್ಪ ಎಣ್ಣೆ ಸುಡ್ತಾವೆ, ಅವು ಬಿಡೋ ಮಸಿ ಊರಿನ ಎಲ್ಲಾ ಕಾರು ಲಾರಿ ಸೇರಿ ಬಿಡೋದಕ್ಕಿಂತ ಜಾಸ್ತಿ ಅಂತ ಅದರಲ್ಲಿತ್ತು. ಬ್ಲೂಮ್‌ಬರ್ಗ್ ಮೇಯರ್ ಆಗಿದ್ದಾಗ 2011ರಲ್ಲಿ ನಿಯಮ ಬಂತು, ನಂಬರ್ 6 2015ರೊಳಗೆ ಬಂದ್, ನಂಬರ್ 4 2030ಕ್ಕೆ ಬಂದ್. ನಮ್ಮ ಥರದ ಎಷ್ಟೋ ಬಿಲ್ಡಿಂಗ್‌ಗಳು ಆಗ ಮಾಡಿದ್ದು ಅತೀ ಸುಲಭದ ಕೆಲಸ, 6ರಿಂದ 4ಕ್ಕೆ ಇಳಿದು ಹದಿನೈದು ವರ್ಷ ಸಿಕ್ತು ಅಂತ ಸುಮ್ಮನಾಗಿದ್ದು. 2023ರಲ್ಲಿ ಲೋಕಲ್ ಲಾ 32 ಅಂತ ಸಿಟಿ ಕಾನೂನು ಬಂದು ಆ 2030ನ 2027 ಮಾಡ್ತು. ಮಧ್ಯದಲ್ಲಿ ಗಾಳಿ ಸುಧಾರಿಸಿದ್ದು ಮಾತ್ರ ನಿಜ, ಸಿಟಿಯವರು 2008ರಿಂದ ಬೀದಿ ಬೀದೀಲಿ ಅಳೆದು ನೋಡ್ತಿದ್ದಾರೆ, ಸಲ್ಫರ್ ಡೈಆಕ್ಸೈಡ್ ಭಾರೀ ಇಳಿದಿದೆ. ನಂಬರ್ 2 ಎಣ್ಣೇಲೂ ಗಂಧಕ 15 ಪಿಪಿಎಂ ಮೀರಬಾರದು ಅಂತ ರಾಜ್ಯದ ಕಾನೂನು 2012ರಿಂದ ಇದೆ. ಅಂದ್ರೆ ಈಗಿನ ನಂಬರ್ 2 ಮಸಿ ವಿಷಯದಲ್ಲಿ ಅಷ್ಟು ಕೆಟ್ಟದ್ದಲ್ಲ, ಎಣ್ಣೆ ಅಂದ ತಕ್ಷಣ ಎಲ್ಲಾನೂ ಒಂದೇ ಚೀಲಕ್ಕೆ ಹಾಕೋದು ಸರಿಯಲ್ಲ.

ಕಾಂಟ್ರ್ಯಾಕ್ಟರ್‌ಗಳು ತರೋ ಹೋಲಿಕೆ ಪಟ್ಟೀಲಿ ಮೊದಲ ಸಾಲೇ ಉಳಿತಾಯ. ಲೆಕ್ಕ ಸುಲಭ, ಒಂದು ಥರ್ಮ್ ಗ್ಯಾಸ್ ಅಂದ್ರೆ 1,00,000 ಬಿಟಿಯು, ಹಾಗಾಗಿ ನಂಬರ್ 2 ಒಂದು ಗ್ಯಾಲನ್‌ಗೆ ಸುಮಾರು 1.4 ಥರ್ಮ್ ಸಮ. ಎಣ್ಣೆ ಬೆಲೇನ 1.4ರಿಂದ ಭಾಗಿಸಿ ಗ್ಯಾಸ್ ಬಿಲ್ ಪಕ್ಕ ಇಟ್ಟು ನೋಡಿ, ಆದ್ರೆ ಗ್ಯಾಸ್ ಬಿಲ್‌ನಲ್ಲಿ ಸಪ್ಲೈ ಬೇರೆ ಡೆಲಿವರಿ ಬೇರೆ ಇರುತ್ತೆ, ಎರಡನ್ನೂ ಕೂಡಿಸ್ಬೇಕು, ಕೆಲವರು ಸಪ್ಲೈ ಒಂದನ್ನೇ ತೋರಿಸಿ ಕಣ್ಣು ಕೋರೈಸ್ತಾರೆ. ಇನ್ನೊಂದು ಯಾರೂ ಹೇಳದ ಮಾತು, ನಮ್ಮಲ್ಲಿರೋ ಥರದ, ನೀರು ಕುದಿಸಿ ಹಬೆ ಕಳಿಸೋ ಬಾಯ್ಲರ್‌ಗೆ ಗ್ಯಾಸ್ ಹಾಕಿದ್ರೆ ಎಫಿಶಿಯೆನ್ಸಿ ಏರೋದಿಲ್ಲ, ಸ್ವಲ್ಪ ಇಳೀಬಹುದು. ಯಾಕಂದ್ರೆ ಮೀಥೇನ್‌ನಲ್ಲಿ ಹೈಡ್ರೋಜನ್ ಜಾಸ್ತಿ, ಉರಿದ್ರೆ ನೀರಾವಿ ಜಾಸ್ತಿ, ಆ ಆವಿ ಚಿಮಣೀಲಿ ಹೋಗ್ತಾ ಶಾಖ ಹೊತ್ಕೊಂಡೇ ಹೋಗುತ್ತೆ. 

ನಮ್ಮ ಭಾವ ಕನೆಕ್ಟಿಕಟ್‌ನಲ್ಲಿದ್ದಾರೆ, ಅವರ ಮನೇಲೂ ಎಣ್ಣೆಯಿಂದ ಗ್ಯಾಸ್‌ಗೆ ಹೋದ್ರು. ಫೋನಲ್ಲಿ "ಏನಪ್ಪಾ, ನಮ್ದು ಶೇಕಡಾ 95 ಎಫಿಶಿಯೆನ್ಸಿ ಅಂತೆ, ನಿಮ್ಮವರಿಗ್ಯಾಕೆ ಅದು ಸಿಗಲ್ಲ?" ಅಂದ್ರು. ಭಾವ, ನಿಮ್ದು ಬಿಸಿನೀರು ಓಡೋ ಸಿಸ್ಟಮ್ಮು, ನಮ್ದು ಹಬೆ ಅಂದೆ. ಕಂಡೆನ್ಸಿಂಗ್ ಬಾಯ್ಲರ್ ಆ 95 ಕೊಡೋದು ವಾಪಸ್ ಬರೋ ನೀರು ಸುಮಾರು 130 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದಾಗ, ಆಗ ಹೊಗೆಯೊಳಗಿನ ನೀರಾವಿ ಬಾಯ್ಲರ್ ಒಳಗೇ ನೀರಾಗಿ ತನ್ನ ಶಾಖ ಬಿಟ್ಟುಕೊಡುತ್ತೆ. ಹಬೆ ಮಾಡ್ಬೇಕು ಅಂದ್ರೆ ನೀರನ್ನ 212 ದಾಟಿಸ್ಲೇಬೇಕು, ಅಲ್ಲಿ ಕಂಡೆನ್ಸಿಂಗ್ ಅನ್ನೋ ಮಾತೇ ಇಲ್ಲ. ಹಬೆ ಬಿಲ್ಡಿಂಗಿಗೆ 95 ಪರ್ಸೆಂಟ್ ಅಂತ ಯಾರಾದ್ರೂ ಬ್ರೋಷರ್ ತಂದ್ರೆ ಕಾಫಿ ಕೊಟ್ಟು ಕಳಿಸಿಬಿಡಿ.

ಬೀದಿ ಕಡೆಯ ಕಥೆ ಬೇರೆಯೇ ಇದೆ. ಅಡುಗೆಗೆ ಗ್ಯಾಸ್ ಬರ್ತಿದೆಯಲ್ಲ, ಅದರಿಂದಲೇ ಬಾಯ್ಲರ್‌ಗೆ ಎಳ್ಕೊಂಡ್ರಾಯ್ತು ಅಂತ ನಮ್ಮ ಮೂರನೇ ಫ್ಲೋರಿನವರೊಬ್ಬರು ಪ್ರತೀ ಮೀಟಿಂಗ್‌ನಲ್ಲೂ ಹೇಳ್ತಾರೆ. ಅಡುಗೆ ಪೈಪು ಬಾಯ್ಲರ್‌ಗೆ ಸಾಕಾಗಲ್ಲ ಸ್ವಾಮಿ. ದೊಡ್ಡ ಬಾಯ್ಲರ್ ಗಂಟೆಗೆ ಲಕ್ಷಗಟ್ಟಲೆ ಬಿಟಿಯು ಕೇಳುತ್ತೆ, ಅದಕ್ಕೆ ಬೀದಿಯಿಂದ ಬೇರೆ ಸರ್ವಿಸ್ ಲೈನ್, ಬೇರೆ ಮೀಟರ್, ಹಳೇ ಏರಿಯಾಗಳಲ್ಲಿ ಬೀದಿಯಡಿ ಹೋಗೋ ದೊಡ್ಡ ಪೈಪು, ಅಂದ್ರೆ ಮೇನ್‌ನಲ್ಲೇ ಪ್ರೆಶರ್ ತೀರಾ ಕಮ್ಮಿ ಇದ್ರೆ ಬೇಸ್‌ಮೆಂಟ್‌ನಲ್ಲಿ ಪ್ರೆಶರ್ ಏರಿಸೋ ಒಂದು ಗ್ಯಾಸ್ ಬೂಸ್ಟರ್ ಕೂಡ. ಮೇನ್ ಉದ್ದ ಮಾಡ್ಬೇಕಾದ್ರೆ ಆ ದುಡ್ಡು ಯಾರ ತಲೆ ಮೇಲೆ ಅನ್ನೋದು ಇನ್ನೊಂದು ಜಗಳ. ಗ್ಯಾಸ್ ಕೇಳಿದ ತಕ್ಷಣ ಸಿಗುತ್ತೆ ಅನ್ನೋ ಗ್ಯಾರಂಟೀನೂ ಇಲ್ಲ, 2019ರಲ್ಲಿ ಗ್ಯಾಸ್ ಕಂಪನಿ ಕಾನ್ ಎಡಿಸನ್‌ನವರು ದಕ್ಷಿಣ ವೆಸ್ಟ್‌ಚೆಸ್ಟರ್‌ನಲ್ಲಿ ಹೊಸ ಕನೆಕ್ಷನ್ ನಿಲ್ಲಿಸಿದ್ರು, ಅದೇ ವರ್ಷ ನ್ಯಾಷನಲ್ ಗ್ರಿಡ್‌ನವರು ಬ್ರೂಕ್ಲಿನ್, ಕ್ವೀನ್ಸ್, ಲಾಂಗ್ ಐಲ್ಯಾಂಡ್‌ನಲ್ಲಿ ಕೊಡಲ್ಲ ಅಂದು ಕೂತ್ರು, ಆಗಿನ ಗವರ್ನರ್ ಕ್ಯುಮೋ ಬೆದರಿಸಿದ ಮೇಲೆ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದ್ದು.

ಇನ್ನು ರೇಟು. ಫರ್ಮ್ ಅಂದ್ರೆ ಚಳಿ ಎಷ್ಟೇ ಇರಲಿ ಗ್ಯಾಸ್ ಬಂದೇ ಬರುತ್ತೆ. ಇಂಟರಪ್ಟಿಬಲ್ ಅಂದ್ರೆ ಅಗ್ಗ, ಆದ್ರೆ ತೀರಾ ಚಳಿ ಬಿದ್ದ ದಿನ ಕಂಪನಿಯವರು ಬಂದ್ ಮಾಡಿ ಅಂದ್ರೆ ಬಂದ್ ಮಾಡ್ಬೇಕು, ಆ ಹೊತ್ತಲ್ಲಿ ಎಣ್ಣೆಗೆ ತಿರುಗಬೇಕು. ಅದಕ್ಕೆ ಡ್ಯುಯಲ್ ಫ್ಯೂಯಲ್ ಬರ್ನರ್ ಬೇಕು, ಟ್ಯಾಂಕಲ್ಲಿ ಎಣ್ಣೆ ತುಂಬಿರ್ಬೇಕು, ತಿರುಗಿಸೋದು ಗೊತ್ತಿರೋ ಸೂಪರ್ (ಬಿಲ್ಡಿಂಗ್ ನೋಡ್ಕೊಳ್ಳೋ ಸೂಪರಿಂಟೆಂಡೆಂಟ್) ಬೇಕು. ಚಿಕ್ಕ ಬಿಲ್ಡಿಂಗ್‌ಗೆ ಈ ರಗಳೆ ಬೇಡ ಅನ್ಸುತ್ತೆ, ದೊಡ್ಡದಕ್ಕೆ ಲೆಕ್ಕ ಹಾಕಿ ನೋಡ್ಬಹುದು, ಎರಡು ಇಂಧನ ಇದ್ರೆ ಯಾವುದರ ಬೆಲೆ ಹಾರಿದ್ರೂ ಸ್ವಲ್ಪ ಉಸಿರಾಡೋಕೆ ಜಾಗ ಇರುತ್ತೆ.

ಚಿಮಣಿ ವಿಷಯಕ್ಕೆ ಬರ್ತೀನಿ, ಇಲ್ಲೇ ಕಾಂಟ್ರ್ಯಾಕ್ಟರ್‌ಗಳ ಕೋಟ್‌ಗಳು (ದರಪಟ್ಟಿಗಳು) ಒಂದಕ್ಕೊಂದು ತಾಳೆ ಆಗದೇ ಇರೋದು. ಒಂದು ಥರ್ಮ್ ಗ್ಯಾಸ್ ಉರಿದ್ರೆ ನಾಲ್ಕು ಲೀಟರ್‌ಗಿಂತ ಸ್ವಲ್ಪ ಹೆಚ್ಚೇ ನೀರು ಆವಿಯಾಗಿ ಹೊರಗೆ ಬರುತ್ತೆ, ಅಷ್ಟೇ ಶಾಖ ಕೊಡೋ ಎಣ್ಣೆ ಉರಿದ್ರೆ ಮೂರು ಲೀಟರ್‌ಗಿಂತ ಕಮ್ಮಿ. ಈ ಆವಿ ನಮ್ಮ ಹಳೇ ಇಟ್ಟಿಗೆ ಚಿಮಣೀಲಿ ಮೇಲೇರ್ತಾ ತಣ್ಣಗಾದ್ರೆ ಗೋಡೆ ಮೇಲೆ ನೀರಾಗಿ ಇಳಿಯುತ್ತೆ, ಅಲ್ಲಿ ದಶಕಗಳ ಗಂಧಕದ ಮಸಿ ಕೂತಿರುತ್ತೆ, ಎರಡೂ ಸೇರಿ ಆಮ್ಲ ಆಗಿ ಗಾರೆ ತಿನ್ನೋಕೆ ಶುರು ಮಾಡುತ್ತೆ. ಹೊರಗಿನಿಂದ ಏನೂ ಕಾಣಲ್ಲ, ಒಂದಿನ ಟಾಪ್ ಫ್ಲೋರಿನವರ ಬೆಡ್‌ರೂಮ್ ಗೋಡೇಲಿ ಕಂದು ಕಲೆ ಕಾಣುತ್ತೆ. ಇನ್ನೊಂದು ಅಪಾಯ, ಹಳೇ ಮಸಿ ಪದರ ಒದ್ದೆಯಾಗಿ ಕಳಚಿ ಬಿದ್ದು ಚಿಮಣಿ ಬುಡ ಮುಚ್ಚಿಕೊಂಡ್ರೆ ಹೊಗೆ ವಾಪಸ್ ಬೇಸ್‌ಮೆಂಟಿಗೆ ಬರುತ್ತೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ರೆ ಕಣ್ಣಿಗೂ ಕಾಣಲ್ಲ ಮೂಗಿಗೂ ಸಿಗಲ್ಲ. ಅದಕ್ಕೆ ಚಿಮಣಿ ಕ್ಲೀನ್ ಮಾಡಿಸಿ, ಕ್ಯಾಮೆರಾ ಬಿಟ್ಟು ನೋಡಿಸಿ, ಸೈಜು ನೋಡಿ ಚಿಮಣಿ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಅಂದ್ರೆ ಲೈನರ್, ಇಳಿಸೋದು. ಆರು ಫ್ಲೋರ್ ಚಿಮಣಿಗೆ ಲೈನರ್ ಅಂದ್ರೆ ಬರ್ನರ್‌ಗಿಂತ ದುಬಾರಿ ಆಗೋದು ಹೊಸದೇನಲ್ಲ. ನಮಗೆ ಬಂದ ಒಂದು ಕೋಟ್‌ನಲ್ಲಿ ಇದರ ಸಾಲೇ ಇರ್ಲಿಲ್ಲ, ಕೇಳಿದ್ರೆ "ಬೇಕಾದ್ರೆ ಆಮೇಲೆ ನೋಡೋಣ" ಅಂದ್ರು, ಆಮೇಲೆ ಅಂದ್ರೆ ಛಾವಣಿ ಮೇಲೆ ಕ್ರೇನ್ ಬಂದು ನಿಂತ ಮೇಲೆ ಅಂತ ಅರ್ಥ. ಇದೇ ರೀತಿ ಬಾಯ್ಲರ್ ಸುತ್ತಿರೋ ಹಳೇ ಬಿಳೀ ಹೊದಿಕೇಲಿ ಆಸ್ಬೆಸ್ಟಾಸ್ ಇದೆಯಾ ಅಂತ ಪರೀಕ್ಷೆ ಮಾಡಿಸ್ದೆ ಸಿಟಿಯವರು ಪರ್ಮಿಟ್ಟೇ ಕೊಡಲ್ಲ, ಅದೂ ಕೋಟ್‌ನಲ್ಲಿದೆಯಾ ನೋಡ್ಕೊಳ್ಳಿ.

ಇಷ್ಟೆಲ್ಲಾ ಆದಮೇಲೂ ನನ್ನ ತಲೇಲಿ ಕೂತಿರೋ ದೊಡ್ಡ ವಿಷಯ ಹಬೆ. ನಮ್ದು ಒನ್-ಪೈಪ್ ಸ್ಟೀಮ್, ಒಂದೇ ಪೈಪಲ್ಲಿ ಹಬೆ ಮೇಲೆ ಹೋಗುತ್ತೆ, ನೀರಾಗಿ ಅದೇ ಪೈಪಲ್ಲಿ ಕೆಳಗೆ ಬರುತ್ತೆ. ಹಬೆ ಬರೋಕೆ ಮುಂಚೆ ಪೈಪಲ್ಲಿರೋ ಗಾಳಿ ಹೊರಗೆ ಹೋಗ್ಬೇಕು, ಅದಕ್ಕೆ ರೂಮ್ ಬೆಚ್ಚಗಿಡೋ ರೇಡಿಯೇಟರ್ ಪಕ್ಕದಲ್ಲೊಂದು ಪುಟ್ಟ ಏರ್ ವೆಂಟ್, ಬೇಸ್‌ಮೆಂಟ್ ಮೇನ್‌ಗಳ ತುದೀಲಿ ದೊಡ್ಡ ವೆಂಟ್. ಇವು ಕಟ್ಕೊಂಡಿದ್ರೆ ಬಾಯ್ಲರ್ ಹತ್ತಿರದ ಫ್ಲ್ಯಾಟ್‌ಗೆ ಹಬೆ ಬೇಗ ಹೋಗುತ್ತೆ, ದೂರದವರಿಗೆ ಬರೋದೇ ಇಲ್ಲ. ದೂರದವರು ಚಳಿ ಅಂತ ಸಿಟಿಯ ದೂರು ನಂಬರ್ 311ಕ್ಕೆ ಫೋನ್ ಮಾಡ್ತಾರೆ, ಇಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಹಗಲಲ್ಲಿ ಹೊರಗೆ 55ಕ್ಕಿಂತ ಕಮ್ಮಿ ಇದ್ರೆ ಒಳಗೆ 68 ಡಿಗ್ರಿ ಫ್ಯಾರನ್‌ಹೀಟ್ ಇರ್ಲೇಬೇಕು, ರಾತ್ರಿ ಹೊರಗೆ ಎಷ್ಟಿದ್ರೂ ಒಳಗೆ 62 ಇರ್ಲೇಬೇಕು ಅಂತ ಕಾನೂನು, ಸೂಪರ್ ಹೆದರಿ ಬಾಯ್ಲರ್ ಇನ್ನಷ್ಟು ಹೊತ್ತು ಓಡಿಸ್ತಾನೆ, ಹತ್ತಿರದವರು ಜನವರೀಲಿ ಕಿಟಕಿ ತೆಗೆದಿಟ್ಟು ಬನಿಯನ್ನಲ್ಲಿ ಕೂತಿರ್ತಾರೆ. ಆ ಕಿಟಕಿಯಿಂದ ಎಣ್ಣೆ ಹೋದ್ರೇನು ಗ್ಯಾಸ್ ಹೋದ್ರೇನು! ಇಂಧನ ಬದಲಾಯಿಸೋದ್ರಿಂದ ಈ ಕಿಟಕಿ ಮುಚ್ಚಲ್ಲ. ವೆಂಟ್ ಬದಲಾಯಿಸೋದು, ರೇಡಿಯೇಟರ್ ಸರಿಯಾಗಿ ಓರೆ ಮಾಡೋದು, ಪೈಪಿಗೆ ಹೊದಿಕೆ ಹಾಕೋದು, ಫ್ಲ್ಯಾಟ್‌ಗಳ ಒಳಗೆ ಸೆನ್ಸರ್ ಇಟ್ಟು ಅದನ್ನ ನೋಡಿ ಬಾಯ್ಲರ್ ಓಡಿಸೋದು, ಇವೆಲ್ಲಾ ಬೋರ್ ಕೆಲಸ, ಫೋಟೋ ತೆಗೆದು ನ್ಯೂಸ್‌ಲೆಟರ್‌ನಲ್ಲಿ ಹಾಕೋಕಾಗಲ್ಲ, ಆದ್ರೆ ಬಿಲ್ ಇಳಿಯೋದು ಇಲ್ಲಿ.

ಬಾಯ್ಲರ್ ಸೈಜೂ ಇದಕ್ಕೇ ಸೇರಿದ್ದು. ಹಳೇ ಬಾಯ್ಲರ್‌ಗೆ ಅಂಟಿಸಿರೋ ಪ್ಲೇಟ್ ನೋಡಿ ಅಷ್ಟೇ ದೊಡ್ಡದು ತರೋದು ಇಲ್ಲಿ ರೂಢಿ. 1918ರ ಫ್ಲೂ ಬಂದಮೇಲೆ ಜನ ಕಿಟಕಿ ತೆಗೆದಿಟ್ಟು ಮಲಗಬೇಕು ಅಂತ ಆರೋಗ್ಯ ಇಲಾಖೆಯವರು ಹೇಳ್ತಿದ್ರಂತೆ, ಹಾಗಾಗಿ ಆ ಕಾಲದ ಸಿಸ್ಟಮ್ಮುಗಳನ್ನ ಕಿಟಕಿ ತೆರೆದಿದ್ರೂ ಬೆಚ್ಚಗಿರೋ ಹಾಗೆ ಮಾಡಿದ್ರು ಅಂತ ಇಲ್ಲಿನ ಹಳೇ ಸ್ಟೀಮ್ ಜನ ಹೇಳೋ ಕಥೆ. ನಿಜವಾಗ್ಲೂ ಮಾಡ್ಬೇಕಾದ್ದು ಪ್ರತೀ ಫ್ಲ್ಯಾಟ್‌ಗೂ ಹೋಗಿ ರೇಡಿಯೇಟರ್ ಅಳತೆ ತಗೊಳ್ಳೋದು, ರೇಡಿಯೇಟರ್‌ನ ಒಂದು ಚದರ ಅಡಿ ರೇಡಿಯೇಷನ್‌ಗೆ ಗಂಟೆಗೆ 240 ಬಿಟಿಯು, ಎಲ್ಲಾ ಕೂಡಿಸಿ ಪೈಪ್ ಬಿಸಿಯಾಗೋಕೆ ಸ್ವಲ್ಪ ಸೇರಿಸಿದ್ರೆ ಬಾಯ್ಲರ್ ಸೈಜು ಬಂತು. ಹಬೆ ಬಾಯ್ಲರ್ ಮ್ಯಾಚ್ ಆಗ್ಬೇಕಿರೋದು ರೇಡಿಯೇಟರ್‌ಗೆ, ಹಳೇ ಪ್ಲೇಟ್‌ಗಲ್ಲ. ಜಾಸ್ತಿ ದೊಡ್ಡದಾದ್ರೆ ಆನ್ ಆಫ್ ಆನ್ ಆಫ್ ಅಂತ ಒದ್ದಾಡ್ತಾ ಇಂಧನ ತಿನ್ನುತ್ತೆ. ಒಂದು ಶನಿವಾರ ಟೇಪ್ ಹಿಡ್ಕೊಂಡು ಮನೆ ಮನೆ ಸುತ್ತೋ ಕಾಂಟ್ರ್ಯಾಕ್ಟರ್ ಸಿಕ್ಕಿದ್ರೆ ಅವರ ಕೋಟ್ ಸ್ವಲ್ಪ ಜಾಸ್ತಿ ಇದ್ರೂ ನನ್ನ ವೋಟ್ ಅವರಿಗೇ. ಸ್ನಾನದ ಬಿಸಿನೀರನ್ನೂ ಇದೇ ದೈತ್ಯ ಬಾಯ್ಲರ್ ಕಾಯಿಸ್ತಿದೆ, ಜುಲೈನಲ್ಲೂ, ಅದನ್ನ ಬೇರೆ ಹೀಟರ್‌ಗೆ ಹಾಕಿದ್ರೆ ಬೇಸಿಗೆಯಲ್ಲಿ ದೊಡ್ಡದನ್ನ ಪೂರ್ತಿ ಆಫ್ ಮಾಡ್ಬಹುದು.

ಈಗ ಲೋಕಲ್ ಲಾ 97. 2019ರ ಕಾನೂನು, 25,000 ಚದರ ಅಡಿಗಿಂತ ದೊಡ್ಡ ಬಿಲ್ಡಿಂಗ್‌ಗಳ ಕಾರ್ಬನ್‌ಗೆ ಮಿತಿ, 2024ರಿಂದ ಒಂದು ಮಿತಿ, 2030ರಿಂದ ಅದರ ಅರ್ಧದಷ್ಟು, ಮೀರಿದ್ರೆ ವರ್ಷಕ್ಕೆ ಟನ್‌ಗೆ 268 ಡಾಲರ್ ದಂಡ. ಬಾಡಿಗೆಗೆ ಸರ್ಕಾರದ ಮಿತಿ ಇರೋ (ರೆಂಟ್ ರೆಗ್ಯುಲೇಟೆಡ್) ಫ್ಲ್ಯಾಟ್ ಜಾಸ್ತಿ ಇರೋ ಕೆಲವು ಬಿಲ್ಡಿಂಗ್‌ಗಳಿಗೆ ದಾರಿ ಬೇರೆ ಇದೆ, ಅದನ್ನ ಬಿಡಿ. ಒಂದು ಉದಾಹರಣೆ ತಗೊಳ್ಳೋಣ, 60,000 ಚದರ ಅಡಿ ಅಪಾರ್ಟ್‌ಮೆಂಟ್ ಬಿಲ್ಡಿಂಗ್, ವರ್ಷಕ್ಕೆ 30,000 ಗ್ಯಾಲನ್ ನಂಬರ್ 2 ಎಣ್ಣೆ, 3 ಲಕ್ಷ ಯೂನಿಟ್ ಕರೆಂಟು. ಕಾನೂನಿನ ಲೆಕ್ಕದಲ್ಲಿ ಎಣ್ಣೆಗೆ ಸುಮಾರು 308 ಟನ್, ಕರೆಂಟಿಗೆ 87, ಒಟ್ಟು 395, ಮಿತಿ 405, ಪಾಸ್. ಅಂದ್ರೆ 2029ರವರೆಗೆ ಎಣ್ಣೆ ಸುಟ್ಕೊಂಡೇ ದಂಡ ಇಲ್ಲದೆ ಇರ್ಬಹುದು. 2030ಕ್ಕೆ ಮಿತಿ ಸುಮಾರು 201 ಟನ್, ಕರೆಂಟಿನ ಲೆಕ್ಕ ಇಳಿದು 43 ಆಗುತ್ತೆ, ಎಣ್ಣೆ 308 ಹಾಗೇ, 150 ಟನ್ ಮೇಲೆ, ದಂಡ ವರ್ಷಕ್ಕೆ ಸುಮಾರು 40,000 ಡಾಲರ್. ಅಷ್ಟೇ ಶಾಖಕ್ಕೆ ಗ್ಯಾಸ್ ಹಾಕಿದ್ರೆ 308 ಹೋಗಿ 221 ಆಗುತ್ತೆ, ಒಳ್ಳೇದೇ, ಆದ್ರೂ 60 ಚಿಲ್ಲರೆ ಟನ್ ಮೇಲೆ, ದಂಡ ಸುಮಾರು 17,000. ಅಂದ್ರೆ ಗ್ಯಾಸ್‌ಗೆ ಇಷ್ಟೆಲ್ಲಾ ಸುರಿದ ಮೇಲೂ ಫೇಲೇ. ಆದ್ರೆ ಅದೇ ಬಿಲ್ಡಿಂಗಲ್ಲಿ ಹಬೆ ಸರಿ ಮಾಡಿ ಕಿಟಕಿ ಮುಚ್ಚಿಸಿ ಇಂಧನ ಕಾಲು ಭಾಗ ಇಳಿಸಿದ್ರೆ 221 ಅನ್ನೋದು 166 ಆಗುತ್ತೆ, ಒಟ್ಟು 209, ಮಿತಿ ಹತ್ತಿರಕ್ಕೆ ಬಂತು. ನೋಡಿ ಎಲ್ಲಿದೆ ವಿಷಯ ಅಂತ. ಗ್ಯಾಸ್‌ನ ಮೀಥೇನ್ ಪೈಪಲ್ಲಿ ಸೋರಿದ್ರೆ ಆಗೋ ತಾಪ ಈ ಲೆಕ್ಕದಲ್ಲಿ ಬರೋದೇ ಇಲ್ಲ, ಅದು ಬೇರೆ ಮಾತು. ಹೊಸ ಕಟ್ಟಡಗಳಲ್ಲಿ ಗ್ಯಾಸ್, ಎಣ್ಣೆ ಎರಡನ್ನೂ ಹೆಚ್ಚೂಕಮ್ಮಿ ಬಂದ್ ಮಾಡೋ ಕಾನೂನೂ ಸಿಟಿ 2021ರಲ್ಲೇ ಮಾಡಿದೆ. ಗಾಳಿ ಯಾವ ಕಡೆ ಬೀಸ್ತಿದೆ ಅಂತ ಗೊತ್ತಾಗುತ್ತಲ್ಲ, ಇವತ್ತು ಹಾಕೋ ಬಾಯ್ಲರ್ ಇಪ್ಪತ್ತೈದು ಮೂವತ್ತು ವರ್ಷ ಇರುತ್ತೆ.

ಹಾಗಾಗಿ ನಾನು ಬೋರ್ಡ್‌ನಲ್ಲಿ ಹಿಡಿದು ಕೂತಿರೋ ವಾದ ಇದು. ಮೊದಲು ಹಬೆ ಸರಿ ಮಾಡಿಸೋಣ, ಒಂದು ಚಳಿಗಾಲ ನೋಡೋಣ, ಬಿಸಿನೀರು ಬೇರೆ ಮಾಡೋಣ, ಆಮೇಲೆ ಚಿಕ್ಕ ಬಾಯ್ಲರ್‌ಗೆ ಗ್ಯಾಸ್ ಹಾಕೋಣ. ಅಷ್ಟರೊಳಗೆ 2027ರ ಗಡುವು ಬಂದುಬಿಟ್ರೆ ಟ್ಯಾಂಕ್ ಕ್ಲೀನ್ ಮಾಡಿಸಿ ಬರ್ನರ್ ಟ್ಯೂನ್ ಮಾಡಿಸಿ ನಂಬರ್ 2ಕ್ಕೆ ಹೋದ್ರೂ ಕಾನೂನು ಪ್ರಕಾರ ಸರಿಯೇ, ಗಡುವು ಇರೋದು ನಂಬರ್ 4ಕ್ಕೆ, ಎಣ್ಣೆಗೇ ಅಲ್ಲ. ಈ ಮಾತು ಗ್ಯಾಸ್ ಮಾರೋಕೆ ಬಂದವರ ಬಾಯಲ್ಲಿ ಯಾವತ್ತೂ ಬರಲ್ಲ. ನಂಬರ್ 2 ದುಬಾರಿ, ಅದನ್ನ ಒಪ್ಕೋತೀನಿ, ಆದ್ರೆ ಒಂದೆರಡು ವರ್ಷದ ದುಬಾರಿ, ತಪ್ಪು ಸೈಜಿನ ಬಾಯ್ಲರ್ ಮೂವತ್ತು ವರ್ಷದ ದುಬಾರಿ.

ಸೇಫ್ಟಿ ಬಗ್ಗೆ ನಮ್ಮಲ್ಲಿ ಒಬ್ಬ ಅಜ್ಜಿ ಮಾತ್ರ ಕೇಳಿದ್ರು, ಕೇಳ್ಬೇಕಾದ ಪ್ರಶ್ನೇನೇ. 2014ರ ಮಾರ್ಚ್ 12ರಂದು ಈಸ್ಟ್ ಹಾರ್ಲೆಮ್‌ನಲ್ಲಿ ಗ್ಯಾಸ್ ಸೋರಿ ಎರಡು ಬಿಲ್ಡಿಂಗ್ ನೆಲಸಮ ಆಗಿ ಎಂಟು ಜನ ಹೋದ್ರು. ಮರುವರ್ಷ ಮಾರ್ಚಲ್ಲೇ ಈಸ್ಟ್ ವಿಲೇಜ್‌ನಲ್ಲಿ ಕಳ್ಳ ಕನೆಕ್ಷನ್‌ನಿಂದ ಸ್ಫೋಟ ಆಗಿ ಇಬ್ಬರು ಹೋದ್ರು. ಆಮೇಲೆ ಲೋಕಲ್ ಲಾ 152 ಬಂತು, ಗ್ಯಾಸ್ ಪೈಪಿರೋ ಬಿಲ್ಡಿಂಗ್‌ಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸ್ ಇರೋ ಪ್ಲಂಬರ್ ಕಡೆಯವರಿಂದ ತಪಾಸಣೆ ಆಗ್ಬೇಕು. ಸೋರಿಕೆ ಸಿಕ್ಕಿ ಗ್ಯಾಸ್ ಬಂದ್ ಮಾಡಿದ್ರೆ ರಿಪೇರಿ, ಟೆಸ್ಟು, ಸಿಟಿ ಅನುಮತಿ ಎಲ್ಲಾ ಮುಗಿದು ವಾಪಸ್ ಬರೋಕೆ ತಿಂಗಳುಗಟ್ಟಲೆ ಆಗಿರೋ ಬಿಲ್ಡಿಂಗ್‌ಗಳಿವೆ. ಅಡುಗೆ ಒಂದೇ ಆದ್ರೆ ಹಾಟ್ ಪ್ಲೇಟಲ್ಲಿ ಸುಧಾರಿಸ್ಬಹುದು, ಹೀಟಿಂಗೂ ಅದರ ಮೇಲೇ ನಿಂತಿದ್ದು ಜನವರಿ ಆಗಿದ್ರೆ? ಡ್ಯುಯಲ್ ಫ್ಯೂಯಲ್ ಪರವಾಗಿ ನನಗನಿಸೋ ಗಟ್ಟಿ ಕಾರಣ ಇದೇ, ರೇಟ್ ಅಲ್ಲ.

ಎಣ್ಣೆ ಪೂರ್ತಿ ಬಿಡೋದಾದ್ರೆ ಟ್ಯಾಂಕ್ ಸುಮ್ಮನೆ ಬಿಟ್ಟು ಹೋಗೋ ಹಾಗಿಲ್ಲ. ಉಳಿದ ಎಣ್ಣೆ, ತಳದ ರಾಡಿ ತೆಗೆಸಿ, ಒಳಗೆ ತೊಳೆಸಿ, ಕಿತ್ತು ಹಾಕ್ಬೇಕು ಇಲ್ಲಾ ನೆಲದಡಿ ಇದ್ರೆ ಫೋಮೋ ಕಾಂಕ್ರೀಟೋ ತುಂಬಿ ಮುಚ್ಚಬೇಕು, ಒಟ್ಟು 1,100 ಗ್ಯಾಲನ್‌ಗಿಂತ ದೊಡ್ಡದಿದ್ರೆ ರಾಜ್ಯದ ಪರಿಸರ ಇಲಾಖೆ ಡಿಇಸಿಯಲ್ಲಿ ರಿಜಿಸ್ಟರ್ ಆಗಿರುತ್ತೆ, ಅಲ್ಲಿಗೂ ಕಾಗದ ಹೋಗ್ಬೇಕು. ಮಣ್ಣಲ್ಲಿ ಎಣ್ಣೆ ಸೋರಿರೋದು ಆಗ ಗೊತ್ತಾದ್ರೆ ಬಜೆಟ್ ಕಥೆ ಮುಗೀತು, ಅದಕ್ಕೇ ಮೊದಲೇ ಒಂದು ಟೆಸ್ಟ್ ಮಾಡಿಸಿ ಅಂತ ಹೇಳ್ತಿದ್ದೀನಿ. ಮತ್ತೆ ಫುಟ್‌ಪಾತ್ ಹತ್ತಿರ ಇರುತ್ತಲ್ಲ ಎಣ್ಣೆ ಲಾರಿಯವನು ಹೋಸ್ ಸಿಕ್ಕಿಸೋ ಫಿಲ್ ಪೈಪು, ಅದನ್ನ ಕಿತ್ತು ಹಾಕಿಸಿ ಇಲ್ಲಾ ಕಾಂಕ್ರೀಟ್ ತುಂಬಿಸಿ. ಅಮೆರಿಕಾದಲ್ಲಿ ಟ್ಯಾಂಕ್ ತೆಗೆದು ಪೈಪ್ ಹಾಗೇ ಬಿಟ್ಟು, ಅಡ್ರೆಸ್ ತಪ್ಪಿ ಬಂದ ಲಾರಿಯವನು ನೂರಾರು ಗ್ಯಾಲನ್ ಎಣ್ಣೆನ ನೇರ ಬೇಸ್‌ಮೆಂಟ್ ನೆಲಕ್ಕೆ ಸುರಿದು ಹೋಗಿರೋದು ನಿಜವಾಗ್ಲೂ ನಡೆದಿದೆ. ನಮಗೆ ಬಂದಿರೋ ಕೋಟ್‌ಗಳಲ್ಲಿ ಒಂದರಲ್ಲೂ ಆ ಪೈಪ್ ಮುಚ್ಚೋ ಸಾಲಿಲ್ಲ, ಮುಂದಿನ ಮೀಟಿಂಗ್‌ಗೆ ಮುಂಚೆ ಬರೆಸಿ ತನ್ನಿ ಅಂತ ಮ್ಯಾನೇಜಿಂಗ್ ಏಜೆಂಟ್‌ಗೆ ಮೇಲ್ ಹಾಕಿದ್ದೀನಿ.